ಇಬ್ಬರೇ ನೋಡಿಕೊಳ್ಳುವ 60 ಸರ್ವರ್‌ಗೆ ಯಾವ ಟೂಲ್? ಆನ್ಸಿಬಲ್, ಪಪೆಟ್, ಸಾಲ್ಟ್, ಟೆರಾಫಾರ್ಮ್

ಪ್ರಶ್ನೆ

ಎಡಬ್ಲ್ಯೂಎಸ್ (ಅಮೆಜಾನ್ ಕ್ಲೌಡ್) ಮುಂಬೈ ರೀಜನ್ನಿನಲ್ಲಿ 60 ಉಬುಂಟು ಸರ್ವರ್, ಅದರಲ್ಲಿ ಅರ್ಧದಷ್ಟು ಆಟೋಸ್ಕೇಲಿಂಗ್ ಗ್ರೂಪಿನವು (ಲೋಡ್ ನೋಡಿ ತಾವೇ ಹುಟ್ಟಿ ಸಾಯುವವು). ಆಫೀಸಿನಲ್ಲೇ 8 ವಿಂಡೋಸ್ ಸರ್ವರ್. ನೋಡಿಕೊಳ್ಳುವವರು ಇಬ್ಬರೇ. ಇಲ್ಲಿಯವರೆಗೆ ಎಲ್ಲವೂ ಕೈಕೆಲಸ: ಲಾಗಿನ್ ಆಗುವುದು, ಫೈಲ್ ತಿದ್ದುವುದು, ರೀಸ್ಟಾರ್ಟ್ ಮಾಡುವುದು. ಹಾಗಾಗಿ ಒಂದು ಸರ್ವರ್ ಇದ್ದಂತೆ ಇನ್ನೊಂದಿಲ್ಲ. ಮುಂದೆ ಆಡಿಟ್ ಬೇರೆ ಇದೆ. ಆನ್ಸಿಬಲ್, ಪಪೆಟ್, ಶೆಫ್, ಸಾಲ್ಟ್, ಟೆರಾಫಾರ್ಮ್ ಅಂತ ಓದಿದಷ್ಟೂ ಗೊಂದಲ. ನಿಜವಾಗಿ ಓಡಿಸಿದವರು ಹೇಳಿ: ಯಾವುದನ್ನು ಹಿಡಿಯುವುದು, ಎಲ್ಲಿ ಕೈಕೊಡುತ್ತದೆ?

ತುಂಗಾತೀರ

ಮೊದಲು ಟೆರಾಫಾರ್ಮನ್ನು ಪಟ್ಟಿಯಿಂದ ತೆಗೆದು ಪಕ್ಕಕ್ಕಿಡಿ. ಅದು ಉಳಿದ ನಾಲ್ಕರ ಎದುರಾಳಿಯೇ ಅಲ್ಲ. ವಿಪಿಸಿ (ಕ್ಲೌಡಿನೊಳಗಿನ ಖಾಸಗಿ ನೆಟ್‌ವರ್ಕ್), ಸೆಕ್ಯೂರಿಟಿ ಗ್ರೂಪ್ (ಫೈರ್‌ವಾಲ್ ನಿಯಮ), ಲೋಡ್ ಬ್ಯಾಲೆನ್ಸರ್, ಸರ್ವರ್ ಇವನ್ನು ಹುಟ್ಟಿಸುವುದು ಅದರ ಕೆಲಸ. ಹುಟ್ಟಿದ ಸರ್ವರಿನೊಳಗೆ ಯಾವ ಪ್ಯಾಕೇಜ್, ಯಾವ ಯೂಸರ್, ಕಾನ್ಫಿಗ್ ಫೈಲ್ ಹೇಗಿರಬೇಕು ಅನ್ನುವುದು ಉಳಿದವುಗಳ ಕೆಲಸ. ನಿಮಗೆ ಎರಡೂ ಬೇಕು.

ಒಂದರಲ್ಲೇ ಎರಡನ್ನೂ ಮುಗಿಸಲು ಹೋಗಿ ಯೂಸರ್‌ಡೇಟಾದೊಳಗೆ (ಸರ್ವರ್ ಹುಟ್ಟುವಾಗ ಕೊಡುವ ಸ್ಕ್ರಿಪ್ಟಿನ ಜಾಗ) ಉದ್ದುದ್ದ ಶೆಲ್ ಸ್ಕ್ರಿಪ್ಟ್ ತುರುಕುವವರಿದ್ದಾರೆ. ಆ ಸ್ಕ್ರಿಪ್ಟ್ ಸಾಮಾನ್ಯವಾಗಿ ಮೊದಲ ಬೂಟ್‌ನಲ್ಲಿ ಒಂದೇ ಸಲ ಓಡುತ್ತದೆ. ಆಮೇಲೆ ಟೆರಾಫಾರ್ಮಿನಲ್ಲಿ ಅದರ ಒಂದು ಸಾಲು ಬದಲಿಸಿದರೆ ಡೀಫಾಲ್ಟ್ ಆಗಿ ಸರ್ವರ್ ನಿಂತು ಮತ್ತೆ ಶುರುವಾಗುತ್ತದೆ, ಹೊಸ ಸಾಲು ಮಾತ್ರ ಓಡುವುದಿಲ್ಲ. ಡೌನ್‌ಟೈಮ್ ಸಿಕ್ಕಿತು, ಬದಲಾವಣೆ ಸಿಗಲಿಲ್ಲ.

ಸ್ಟೇಟ್ ಫೈಲ್ (ಟೆರಾಫಾರ್ಮ್ ತಾನು ಹುಟ್ಟಿಸಿದ್ದನ್ನೆಲ್ಲ ಬರೆದಿಡುವ ಲೆಕ್ಕ) ಯಾರ ಲ್ಯಾಪ್‌ಟಾಪಿನಲ್ಲೂ ಇರಬಾರದು. ಎಡಬ್ಲ್ಯೂಎಸ್‌ನ ಎಸ್‌3 ಸ್ಟೋರೇಜ್ ಬಕೆಟ್, ವರ್ಷನಿಂಗ್ ಆನ್, ಜೊತೆಗೆ ಇಬ್ಬರೂ ಒಟ್ಟಿಗೆ ಬದಲಿಸದಂತೆ ಲಾಕ್. ಲಾಕ್‌ಗೆ ಮುಂಚೆ ಡೈನಮೊಡಿಬಿ ಟೇಬಲ್ ಬೇಕಿತ್ತು, ಟೆರಾಫಾರ್ಮ್ 1.10ರಿಂದ ಎಸ್‌3ಯಲ್ಲೇ ಆಗುತ್ತದೆ. ಆ ಫೈಲಿನಲ್ಲಿ ಡೇಟಾಬೇಸ್ ಪಾಸ್‌ವರ್ಡ್‌ಗಳು ಬರಿಗಣ್ಣಿಗೆ ಕಾಣುವ ಹಾಗೆ ಕೂತಿರುತ್ತವೆ, ಬಕೆಟ್ ಓದುವ ಅನುಮತಿ ನಿಮ್ಮಿಬ್ಬರಿಗಷ್ಟೇ ಇರಲಿ. ಒಂದೇ ಥರದ ಸರ್ವರ್‌ಗಳಿಗೆ ನಂಬರಿನಿಂದ ಗುರುತಿಸುವ ಕೌಂಟ್ ಬಳಸಬೇಡಿ, ಹೆಸರಿನಿಂದ ಗುರುತಿಸುವ ಫಾರ್‌ಈಚ್ ಬಳಸಿ. ಲಿಸ್ಟ್ ಇಟ್ಟುಕೊಂಡು ಕೌಂಟ್ ಹಾಕಿ, ನಡುವಿನ ಒಂದು ಹೆಸರು ತೆಗೆದರೆ ಅದರ ಕೆಳಗಿನವುಗಳ ನಂಬರ್ ಎಲ್ಲ ಒಂದೊಂದು ಸರಿದು, ಮುಟ್ಟಬಾರದ ಸರ್ವರ್‌ಗಳೂ ಅಳಿಸುವ ಪಟ್ಟಿಗೆ ಬರುತ್ತವೆ.

ಒಳಗಿನ ಕೆಲಸಕ್ಕೆ, ಇಬ್ಬರೇ ಅಂದಮೇಲೆ, ನನ್ನ ಓಟು ಆನ್ಸಿಬಲ್‌ಗೆ.

ನೈಟ್‌ಶಿಫ್ಟ್

ಆನ್ಸಿಬಲ್‌ಗೆ ನನ್ನದೂ ಹೌದು. ಸರ್ವರ್‌ಗಳಲ್ಲಿ ಏಜೆಂಟ್ (ಸದಾ ಓಡುವ ಪ್ರೋಗ್ರಾಂ) ಹಾಕಬೇಕಿಲ್ಲ. ಎಸ್‌ಎಸ್‌ಎಚ್, ಆ ಕಡೆ ಪೈಥಾನ್ ಇದ್ದರೆ ಸಾಕು. ಆದರೆ ಡೀಫಾಲ್ಟಿನಲ್ಲೇ ಬಿಟ್ಟರೆ ನಿಧಾನ: ಫೋರ್ಕ್ಸ್ 5 ಇರುತ್ತದೆ, ಅಂದರೆ ಒಂದು ಸಲಕ್ಕೆ ಐದೇ ಸರ್ವರ್. 20ಕ್ಕೆ ಏರಿಸಿ, ಪೈಪ್‌ಲೈನಿಂಗ್ (ಎಸ್‌ಎಸ್‌ಎಚ್ ಓಡಾಟ ಕಡಿಮೆ ಮಾಡುವ ಸೆಟ್ಟಿಂಗ್) ಆನ್ ಮಾಡಿ. ಸರ್ವರ್ ಪಟ್ಟಿಯನ್ನು ಕೈಯಲ್ಲಿ ಬರೆಯಬೇಡಿ, ಇಸಿ2 (ಎಡಬ್ಲ್ಯೂಎಸ್ ಸರ್ವರ್) ಇನ್ವೆಂಟರಿ ಪ್ಲಗಿನ್ ಟ್ಯಾಗ್ ನೋಡಿ ತಾನೇ ಗುಂಪು ಮಾಡುತ್ತದೆ. ಅದರ ಫೈಲ್ ಹೆಸರು ಪ್ಲಗಿನ್ ಕೇಳುವ ಬಾಲದೊಂದಿಗೇ ಮುಗಿಯಬೇಕು, ಇಲ್ಲದಿದ್ದರೆ ಅದು ಫೈಲನ್ನು ಒಪ್ಪುವುದೇ ಇಲ್ಲ. ಅರ್ಧ ದಿನ ತಿನ್ನುವ ಸಂಗತಿ ಇದು.

ಇನ್ನು ನಿಜವಾಗಿ ಕಚ್ಚುವ ಜಾಗಗಳು.

ಯಾಮಲ್‌ನಲ್ಲಿ (ಆನ್ಸಿಬಲ್ ಕೋಡ್ ಬರೆಯುವ ಫೈಲ್ ರೂಪ) ಫೈಲ್ ಪರ್ಮಿಷನ್ನನ್ನು ಕೋಟ್ ಇಲ್ಲದೆ 644 ಅಂತ ಬರೆದರೆ ಅದನ್ನು ದಶಮಾನ ಸಂಖ್ಯೆ ಎಂದು ಓದುತ್ತದೆ. ದಶಮಾನದ 644 ಆಕ್ಟಲ್‌ನಲ್ಲಿ 1204. ಅಂದರೆ ಓನರ್ ಬರೆಯಬಹುದು, ಓದುವಂತಿಲ್ಲ, ಹೊರಗಿನವರು ಓದಬಹುದು, ಮೇಲೊಂದು ಸ್ಟಿಕಿ ಬಿಟ್. ಎರರ್ ಏನೂ ಬರುವುದಿಲ್ಲ, ಸರ್ವಿಸ್ ಮಾತ್ರ ಏಳುವುದಿಲ್ಲ. ಯಾವಾಗಲೂ ಕೋಟ್ ಒಳಗೆ '0644'.

ಎರಡನೆಯದು ಹ್ಯಾಂಡ್ಲರ್, ಅಂದರೆ ಏನಾದರೂ ಬದಲಾದರೆ ಮಾತ್ರ ಓಡುವ ಟಾಸ್ಕ್. ಕಾನ್ಫಿಗ್ ಬದಲಾಯಿತು, ರೀಸ್ಟಾರ್ಟ್ ಹ್ಯಾಂಡ್ಲರ್ ಕೊನೆಯಲ್ಲಿ ಓಡಬೇಕು, ನಡುವೆ ಬೇರೊಂದು ಟಾಸ್ಕ್ ಬಿದ್ದುಹೋಯಿತು ಅಂದುಕೊಳ್ಳಿ. ಆ ಸರ್ವರಿನಲ್ಲಿ ಹ್ಯಾಂಡ್ಲರ್ ಓಡುವುದಿಲ್ಲ. ನೀವು ತಪ್ಪು ಸರಿಮಾಡಿ ಮತ್ತೆ ಓಡಿಸಿದರೆ ಫೈಲ್ ಆಗಲೇ ಸರಿಯಿದೆ, 'ಚೇಂಜ್ಡ್' ಇಲ್ಲ, ಹ್ಯಾಂಡ್ಲರನ್ನು ಯಾರೂ ಕರೆಯುವುದಿಲ್ಲ. ರಿಪೋರ್ಟ್ ಪೂರ್ತಿ ಹಸಿರು, ಒಳಗೆ ಸರ್ವಿಸ್ ಓಡುತ್ತಿರುವುದು ಹಳೇ ಕಾನ್ಫಿಗ್‌ನಲ್ಲಿ. ಪ್ಲೇಬುಕ್‌ನಲ್ಲಿ (ಟಾಸ್ಕ್‌ಗಳ ಪಟ್ಟಿ) ಫೋರ್ಸ್ ಹ್ಯಾಂಡ್ಲರ್ಸ್ ಹಾಕಿ.

ಚೆಕ್ ಮೋಡ್‌ನಲ್ಲಿ (ಏನನ್ನೂ ಬದಲಿಸದ ಪರೀಕ್ಷಾ ಓಟ) ಶೆಲ್, ಕಮಾಂಡ್ ಟಾಸ್ಕ್‌ಗಳು ಓಡುವುದಿಲ್ಲ, ಅವುಗಳ ಔಟ್‌ಪುಟ್ ನಂಬಿದ ಮುಂದಿನ ಟಾಸ್ಕ್ ಒಡೆಯುತ್ತದೆ. ಬರೀ ಓದುವ ಕಮಾಂಡ್‌ಗಳಿಗೆ ಚೆಕ್ ಮೋಡ್ ಫಾಲ್ಸ್ ಕೊಡಿ. ಪ್ರೊಡಕ್ಷನ್‌ಗೆ ಸೀರಿಯಲ್ 10%, ಫೇಲ್ ಮಿತಿ 0: ಸಲಕ್ಕೆ ಹತ್ತರಲ್ಲೊಂದು ಭಾಗ ಸರ್ವರ್, ಒಂದು ಬಿದ್ದರೂ ನಿಲ್ಲಬೇಕು.

ಹಳೇ ಅಡ್ಮಿನ್

ಆನ್ಸಿಬಲ್ ಪರ ಇಷ್ಟು ಮಾತಾಡಿದವರು ಒಂದು ವಿಷಯ ಬಿಟ್ಟರು. ಅದು ನೀವು ಓಡಿಸಿದಾಗ ಮಾತ್ರ ಓಡುತ್ತದೆ. ಮಂಗಳವಾರ ಯಾರೋ ಲಾಗಿನ್ ಆಗಿ ಫೈಲ್ ತಿದ್ದಿದರೆ, ಮುಂದಿನ ಓಟದವರೆಗೆ ಅದು ಹಾಗೇ ಇರುತ್ತದೆ. ಪಪೆಟ್ ಏಜೆಂಟ್ ಡೀಫಾಲ್ಟ್ ಆಗಿ 30 ನಿಮಿಷಕ್ಕೊಮ್ಮೆ ಬಂದು ಮೊದಲಿನಂತೆ ಮಾಡಿ, ಏನು ಬದಲಿಸಿದೆ ಎಂಬ ರಿಪೋರ್ಟನ್ನೂ ಕಳಿಸುತ್ತದೆ. ಆಡಿಟರ್ ಕೇಳುವುದು ಈ ರಿಪೋರ್ಟನ್ನೇ.

ಹಾಗಂತ ನಿಮ್ಮ ಸೆಟಪ್ಪಿಗೆ ಕಣ್ಣುಮುಚ್ಚಿ ಪಪೆಟ್ ಅನ್ನಲಾರೆ. ಏಜೆಂಟ್‌ಗಳಿಗೆ ಕಾನ್ಫಿಗ್ ಹಂಚುವ ಪಪೆಟ್‌ಸರ್ವರ್ ಜೆವಿಎಂ (ಜಾವಾ) ಮೇಲೆ ಓಡುತ್ತದೆ, ಡೀಫಾಲ್ಟ್ ಹೀಪೇ (ಅದಕ್ಕೆ ಮೀಸಲಿಡುವ ಮೆಮೊರಿ) 2 ಜಿಬಿ, 8140 ಪೋರ್ಟ್ ತೆರೆದಿರಬೇಕು. ಆಟೋಸ್ಕೇಲಿಂಗ್‌ನಲ್ಲಿ ತಲೆನೋವು ಸರ್ಟಿಫಿಕೇಟಿನದು: ಐಪಿಯಿಂದ ಹೋಸ್ಟ್‌ನೇಮ್ ಬರುವುದರಿಂದ, ಸತ್ತ ಸರ್ವರಿನ ಐಪಿ ಹೊಸದಕ್ಕೆ ಬಂದರೆ ಅದೇ ಹೆಸರಿನ ಹಳೇ ಸರ್ಟಿಫಿಕೇಟ್ ಅಡ್ಡ ನಿಲ್ಲುತ್ತದೆ, ಹೊಸ ಸರ್ವರ್ ಸೇರುವುದೇ ಇಲ್ಲ. ಸರ್ಟ್‌ನೇಮ್‌ಗೆ ಇನ್‌ಸ್ಟನ್ಸ್ ಐಡಿ ಕೊಡಿ, ಟರ್ಮಿನೇಟ್ ಆದಾಗ ಸರ್ಟಿಫಿಕೇಟ್ ಕ್ಲೀನ್ ಆಗುವಂತೆ ಮಾಡಿ. ತಲೆಬಿಸಿ ಬೇಡವೆಂದು ಎಲ್ಲರಿಗೂ ಆಟೋಸೈನ್ (ಕೇಳಿದವರಿಗೆಲ್ಲ ಸರ್ಟಿಫಿಕೇಟ್) ಬಿಟ್ಟರೆ ನೆಟ್‌ವರ್ಕಿನಲ್ಲಿರುವ ಯಾರು ಬೇಕಾದರೂ ನಿಮ್ಮ ಕಾನ್ಫಿಗ್ ಕೇಳಿ ಪಡೆಯಬಹುದು.

ಸಾಲ್ಟ್ ಚುರುಕು, ಸಾವಿರಾರು ಮಿನಿಯನ್‌ಗಳಿದ್ದಾಗ (ಸಾಲ್ಟ್ ಏಜೆಂಟ್ ಇರುವ ಸರ್ವರ್) ಅದರ ಬೆಲೆ ಗೊತ್ತಾಗುತ್ತದೆ. 4505, 4506 ಪೋರ್ಟ್‌ಗಳನ್ನು ಇಂಟರ್‌ನೆಟ್‌ಗೆ ತೆರೆದಿಟ್ಟ ಮಾಸ್ಟರ್‌ಗಳಿಗೆ (ಮಿನಿಯನ್‌ಗಳನ್ನು ನಡೆಸುವ ಸರ್ವರ್) 2020ರಲ್ಲಿ ಹ್ಯಾಕರ್‌ಗಳು ನುಗ್ಗಿದ್ದನ್ನು ಎಲ್ಲರೂ ನೋಡಿದ್ದಾರೆ. 60ಕ್ಕೆ ಅದು ಬೇಡ.

ಬೆಳವಲ

ಲೈಸೆನ್ಸ್ ಮಾತು ಯಾರೂ ಎತ್ತಲಿಲ್ಲಲ್ರಿ. ಕಂಪನಿಗೆ ತಗೋಳೋದು ಅಂದ್ರ ಅದನ್ನ ಮೊದಲು ನೋಡ್ರಿ. ಟೆರಾಫಾರ್ಮ್ 2023ರ ಆಗಸ್ಟ್‌ನ್ಯಾಗ ಓಪನ್ ಸೋರ್ಸ್ ಬಿಟ್ಟು ಬಿಎಸ್‌ಎಲ್‌ಗೆ (ಬಿಸಿನೆಸ್ ಸೋರ್ಸ್ ಲೈಸೆನ್ಸ್) ಹೋತು. ಸ್ವಂತ ಸರ್ವರ್ ನಡಸಾಕ ತೊಂದರಿ ಇಲ್ಲ, ಅವರಿಗೇ ಪೈಪೋಟಿ ಕೊಡೋ ಪ್ರಾಡಕ್ಟ್ ಮಾಡೋರಿಗೆ ತೊಂದರಿ. ಬ್ಯಾಡ ಅಂದ್ರ ಲಿನಕ್ಸ್ ಫೌಂಡೇಶನ್ ಅಡಿ ಇರೋ, ಟೆರಾಫಾರ್ಮಿನ ಓಪನ್ ಕವಲು ಓಪನ್‌ಟೋಫು ಐತಿ, 1.7ರಿಂದ ಸ್ಟೇಟ್ ಫೈಲ್ ಎನ್‌ಕ್ರಿಪ್ಟೂ ಮಾಡ್ತದ. ಶೆಫ್ ಕೋಡ್ ಓಪನ್, ಆದ್ರ ಅವರ ರೆಡಿ ಬೈನರಿಗೆ ವ್ಯಾಪಾರದಾಗ ರೊಕ್ಕ. ಪುಕ್ಕಟ ಬೇಕಂದ್ರ ಅದೇ ಕೋಡಿನ ಸಿಂಕ್. ಪಪೆಟ್‌ನೂ ಹಂಗ: 2022ರಾಗ ಪರ್ಫೋರ್ಸ್ ಕೈಗೆ ಹೋತು, ಹೊಸ ಬೈನರಿ ಎಲ್ಲಾರಿಗೂ ಕೊಡೂದಿಲ್ಲ ಅಂದಮ್ಯಾಲ 2025ರಾಗ ಸಮುದಾಯದವರು ಓಪನ್‌ವಾಕ್ಸ್ ಅಂತ ಬ್ಯಾರೆ ಮಾಡ್ಕೊಂಡ್ರು. ಹೊಸದಾಗಿ ಶೆಫ್ ಶುರು ಮಾಡೋದಂತೂ ಬ್ಯಾಡ್ರಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಇನ್ನೆರಡು. ಆಟೋಸ್ಕೇಲಿಂಗ್ ಸರ್ವರ್ ರಾತ್ರಿ 2ಕ್ಕೆ ಹುಟ್ಟಿದರೆ ಆನ್ಸಿಬಲ್ ಓಡಿಸುವವರು ಯಾರು? ಈಗಾಗಲೇ ಕೈಯಲ್ಲಿ ಮಾಡಿರುವುದನ್ನೆಲ್ಲ ಅಳಿಸಿ ಮತ್ತೆ ಮಾಡಬೇಕೆ?

ತುಂಗಾತೀರ

ಎರಡನೆಯದಕ್ಕೆ ಮೊದಲು: ಅಳಿಸಬೇಕಿಲ್ಲ. ಟೆರಾಫಾರ್ಮ್ 1.5ರಿಂದ ಇಂಪೋರ್ಟ್ ಬ್ಲಾಕ್ ಇದೆ, ರಿಸೋರ್ಸಿನ ಐಡಿ ಕೊಟ್ಟರೆ ಪ್ಲಾನ್ ಹಂತದಲ್ಲೇ (ಏನು ಬದಲಾಗುತ್ತದೆಂದು ಮೊದಲೇ ತೋರಿಸುವ ಹಂತ) ಕೋಡ್ ಬರೆದುಕೊಡುತ್ತದೆ. ಅದನ್ನು ಹಾಗೇ ಬಳಸಬೇಡಿ, ಬೇಡದ ಸಾಲು ಬಹಳ ಇರುತ್ತವೆ. ಪ್ಲಾನ್‌ನಲ್ಲಿ ಇಂಪೋರ್ಟ್ ಬಿಟ್ಟು ಸೇರಿಸುವ, ಬದಲಿಸುವ, ಅಳಿಸುವ ಲೆಕ್ಕವೆಲ್ಲ 0 ಅಂತ ಬರುವವರೆಗೆ ಅಪ್ಲೈ ಒತ್ತಬೇಡಿ. ಸೆಕ್ಯೂರಿಟಿ ಗ್ರೂಪ್‌ಗಳಿಂದ ಶುರುಮಾಡಿ, ಡೇಟಾಬೇಸ್ ಕೊನೆಗೆ, ಅದಕ್ಕೆ ಪ್ರಿವೆಂಟ್ ಡೆಸ್ಟ್ರಾಯ್ ಹಾಕಿಯೇ.

ನೈಟ್‌ಶಿಫ್ಟ್

ರಾತ್ರಿ ಹುಟ್ಟುವ ಸರ್ವರ್‌ಗೆ ಇಮೇಜನ್ನೇ ಮೊದಲು ತಯಾರಿಟ್ಟುಕೊಳ್ಳಿ. ಪ್ಯಾಕರ್ (ಇಮೇಜ್ ಕಟ್ಟುವ ಟೂಲ್) ಒಳಗೆ ಅದೇ ಆನ್ಸಿಬಲ್ ರೋಲ್‌ಗಳನ್ನು (ಟಾಸ್ಕ್ ಗುಂಪು) ಓಡಿಸಿ ಎಎಂಐ (ಎಡಬ್ಲ್ಯೂಎಸ್ ಇಮೇಜ್) ಮಾಡಿ, ಲಾಂಚ್ ಟೆಂಪ್ಲೇಟ್‌ಗೆ ಹೊಸ ವರ್ಷನ್ ಕೊಟ್ಟು ಇನ್‌ಸ್ಟನ್ಸ್ ರಿಫ್ರೆಶ್, ಅಂದರೆ ಹಳೇ ಸರ್ವರ್ ತೆಗೆದು ಹೊಸ ಇಮೇಜಿನವು. ಬೂಟ್ ಸಮಯದಲ್ಲಿ ಪ್ಯಾಕೇಜ್ ಇಳಿಸುವ ಗೋಜಿಲ್ಲ. ಪಾಸ್‌ವರ್ಡ್ ಮಾತ್ರ ಇಮೇಜಿನೊಳಗೆ ಬೇಡ, ಬೂಟ್ ಆದಮೇಲೆ ಎಡಬ್ಲ್ಯೂಎಸ್‌ನ ಪ್ಯಾರಾಮೀಟರ್ ಸ್ಟೋರ್‌ನಿಂದ ಓದಲಿ.

ವಿಂಡೋಸ್‌ಗೆ ಎಸ್‌ಎಸ್‌ಎಚ್ ಬದಲು ವಿನ್‌ಆರ್‌ಎಂ, 5986 ಪೋರ್ಟ್, ಕಂಟ್ರೋಲ್ ಮಾಡುವ ಮಷಿನ್‌ನಲ್ಲಿ ಪೈವಿನ್‌ಆರ್‌ಎಂ ಲೈಬ್ರರಿ. ಆನ್ಸಿಬಲನ್ನು ಓಡಿಸುವ ಮಷಿನ್ ನೇರ ವಿಂಡೋಸ್ ಆಗಿರಬಾರದು, ಲಿನಕ್ಸ್ ಅಥವಾ ಮ್ಯಾಕ್ ಬೇಕು, ಡಬ್ಲ್ಯೂಎಸ್‌ಎಲ್ (ವಿಂಡೋಸಿನೊಳಗಿನ ಲಿನಕ್ಸ್) ಆದರೂ ನಡೆಯುತ್ತದೆ.

ಹಳೇ ಅಡ್ಮಿನ್

ಡ್ರಿಫ್ಟ್‌ಗೆ (ಯಾರೋ ತಿದ್ದಿ ಕಾನ್ಫಿಗ್ ದಾರಿ ತಪ್ಪುವುದು) ಪಪೆಟ್ ಬೇಡವೆಂದರೆ ಎಡಬ್ಲ್ಯೂಎಸ್‌ನದೇ ಸಿಸ್ಟಮ್ಸ್ ಮ್ಯಾನೇಜರ್ ನೋಡಿ. ಉಬುಂಟುವಿನ ಅಧಿಕೃತ ಎಎಂಐಗಳಲ್ಲಿ ಅದರ ಏಜೆಂಟ್ ಇದ್ದೇ ಇರುತ್ತದೆ, ಐಎಎಂ ರೋಲ್ (ಎಡಬ್ಲ್ಯೂಎಸ್ ಅನುಮತಿ) ಕೊಟ್ಟು 443 ಹೊರಗೆ ಬಿಟ್ಟರೆ ಆಯಿತು. ಅದರ ಸ್ಟೇಟ್ ಮ್ಯಾನೇಜರ್‌ನಿಂದ ಆನ್ಸಿಬಲ್ ಪ್ಲೇಬುಕ್ಕನ್ನೇ ನಿಗದಿತ ಹೊತ್ತಿಗೆ ಓಡಿಸಬಹುದು, ಅತಿ ಕಡಿಮೆ ಅಂತರ 30 ನಿಮಿಷ. ಆಫೀಸಿನ ವಿಂಡೋಸ್‌ಗಳನ್ನೂ ಹೈಬ್ರಿಡ್ ಆಕ್ಟಿವೇಶನ್‌ನಿಂದ ಸೇರಿಸಿಕೊಳ್ಳಬಹುದು.

ಆಡಿಟ್ ಅಂದಿರಿ. ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ ಲಾಗ್‌ಗಳು 180 ದಿನ ಇರಬೇಕು, ಗಡಿಯಾರಗಳು ಎನ್‌ಐಸಿ ಅಥವಾ ಎನ್‌ಪಿಎಲ್ (ಎರಡೂ ಸರ್ಕಾರಿ ಸಂಸ್ಥೆ) ಸಮಯಕ್ಕೆ ಹೊಂದಿರಬೇಕು. ಹಾಗಾಗಿ ಮೊದಲು ಬರೆಯುವ ರೋಲ್‌ಗಳು ಕ್ರೋನಿ (ಗಡಿಯಾರ ಹೊಂದಿಸುವುದು), ಲಾಗ್ ರವಾನೆ ಇವೆರಡೇ ಆಗಲಿ. ಸಣ್ಣವು, ಕೆಟ್ಟರೂ ಸೈಟ್ ಬೀಳುವುದಿಲ್ಲ.

ಮೂರನೆಯದು ಯೂಸರ್ ಮತ್ತು ಸುಡೋ (ಅಡ್ಮಿನ್ ಅಧಿಕಾರ). ಸುಡೋಯರ್ಸ್ ಫೈಲಿಗೆ ಟೆಂಪ್ಲೇಟ್ ಟಾಸ್ಕಿನ ವ್ಯಾಲಿಡೇಟ್‌ನಲ್ಲಿ ವಿಸುಡೋ ಚೆಕ್ ಕಡ್ಡಾಯ ಹಾಕಿ, ಒಂದು ಅಕ್ಷರ ತಪ್ಪಿದರೆ ಸುಡೋನೇ ನಿಂತುಹೋಗಬಹುದು, ಆಗ ಆನ್ಸಿಬಲ್‌ಗೂ ಸರಿಪಡಿಸಲು ಆಗುವುದಿಲ್ಲ. ಎಸ್‌ಎಸ್‌ಎಚ್ ಕಾನ್ಫಿಗ್ ರೋಲ್ ಮೊದಲ ಸಲ ಓಡಿಸುವಾಗ ಒಂದೇ ಸರ್ವರ್‌ಗೆ ಲಿಮಿಟ್ ಮಾಡಿ, ಪಕ್ಕದ ಟರ್ಮಿನಲ್‌ನಲ್ಲಿ ಆ ಸರ್ವರಿನ ಸೆಷನ್ ಮ್ಯಾನೇಜರ್ (ಎಸ್‌ಎಸ್‌ಎಚ್ ಇಲ್ಲದೆ ಒಳಹೋಗುವ ಎಡಬ್ಲ್ಯೂಎಸ್ ದಾರಿ) ತೆರೆದಿಟ್ಟುಕೊಂಡಿರಿ.