ಪದಚರ್ಚೆ: ಕರ್ಣ ಯಾವುದು, ವಿಕರ್ಣ ಯಾವುದು?

ನಮ್ಮ ಪಠ್ಯಪುಸ್ತಕಗಳಲ್ಲಿ ಲಂಬಕೋನದ ಎದುರಿನ ಬಾಹು ವಿಕರ್ಣ, ಚತುರ್ಭುಜದ ಎದುರುಬದುರು ಮೂಲೆ ಸೇರಿಸುವ ಗೆರೆ ಕರ್ಣ. ಹಿಂದಿಯಲ್ಲಿ ಇದು ಪೂರ್ತಿ ತಿರುವುಮುರುವು. ಮರಾಠಿಯಲ್ಲಿ ಎರಡೂ ಕರ್ಣವೇ. ಕಾರವಾರದ ಕಡೆ ಮೂರೂ ಭಾಷೆ ಒಂದೇ ಮನೆಯಲ್ಲಿ ಓಡಾಡುವುದುಂಟು: ಅಜ್ಜ ಕಲಿತದ್ದು ಮರಾಠಿ, ಮಗುವಿನ ಶಾಲೆ ಕನ್ನಡ, ಮೊಬೈಲಿನ ಪಾಠ ಹಿಂದಿ. ಹೀಗಿರುವಾಗ ಅಭ್ಯಾಸದ ಹಾಳೆಯಲ್ಲಿ ಯಾವ ಪದ ಹಾಕುವುದು?

ಆಯತದಲ್ಲಿ ಅದಲುಬದಲಾದರೂ ನಷ್ಟವಿಲ್ಲ. ಅದರ ಕರ್ಣವೇ ಒಳಗಿನ ಲಂಬಕೋನ ತ್ರಿಭುಜದ ವಿಕರ್ಣ. ಎಡವಟ್ಟಾಗುವುದು ತ್ರಾಪಿಜ್ಯದಲ್ಲಿ, ಅಂದರೆ ಒಂದು ಜೊತೆ ಬದಿ ಮಾತ್ರ ಸಮಾಂತರವಿರುವ ಚತುರ್ಭುಜದಲ್ಲಿ.

ಶಿರಸಿ ಕಡೆಯ ತೋಟದ ಒಂದು ತುಂಡು ಅಬಕಡ ಎಂದಿಟ್ಟುಕೊಳ್ಳಿ. ಅ-ಬ 33 ಅಡಿ, ಕ-ಡ ಅದಕ್ಕೆ ಸಮಾಂತರ. ಬ-ಕ 56 ಅಡಿ, ಎರಡಕ್ಕೂ ಲಂಬ. ಡ-ಅ ಓರೆ, 70 ಅಡಿ. ಕ-ಡ ಗೊತ್ತಿಲ್ಲ. ಅ ಬಿಂದುವಿನಿಂದ ಕ-ಡ ಮೇಲೆ ಲಂಬ ಇಳಿಸಿದರೆ ಅದೂ 56, ಆಗ ಮೂಡುವ ಲಂಬಕೋನ ತ್ರಿಭುಜಕ್ಕೆ ಡ-ಅ ವಿಕರ್ಣ. 70ರ ವರ್ಗ 4900ರಲ್ಲಿ 56ರ ವರ್ಗ 3136 ಕಳೆದರೆ 1764, ಅದರ ವರ್ಗಮೂಲ 42. ಹಾಗಾಗಿ ಕ-ಡ = 33 + 42 = 75. ಸುತ್ತಳತೆ 234 ಅಡಿ. ವಿಸ್ತೀರ್ಣ 54 × 56 = 3024 ಚದರ ಅಡಿ, ಅಂದರೆ ಗುಂಟೆಗೆ 1089 ಚದರ ಅಡಿ, 16 ಆಣೆಯಂತೆ 2 ಗುಂಟೆ 12 ಆಣೆ ಚಿಲ್ಲರೆ.

ಪ್ರಶ್ನೆಯಲ್ಲಿ ‘ವಿಕರ್ಣ 70 ಅಡಿ’ ಎಂದಷ್ಟೇ ಇದ್ದರೆ, ಹಿಂದಿ ಅರ್ಥ ತಲೆಯಲ್ಲಿರುವವರು 70ನ್ನು ಬ-ಡ ಗೆರೆಯ ಮೇಲೆ ಕೂರಿಸುತ್ತಾರೆ. ಆಗ ಬರುವ 42 ಇಡೀ ಕ-ಡ ಆಗಿಬಿಡುತ್ತದೆ. 33 ಕೂಡಿಸುವ ಹಂತವೇ ಬರುವುದಿಲ್ಲ. ವಿಸ್ತೀರ್ಣ 37.5 × 56 = 2100. ಗುಣಾಕಾರ, ವರ್ಗಮೂಲ ಎಲ್ಲ ಸರಿ, 924 ಚದರ ಅಡಿ ಮಾತ್ರ ಮಾಯ! ಎರಡು ದಾರಿಯಲ್ಲೂ 42 ಕಾಣಿಸುವುದರಿಂದ ತಿದ್ದುವವರ ಕಣ್ಣೂ ತಪ್ಪುತ್ತದೆ.

ಹಾಗೆಂದು ಕರ್ಣ ಎಂಬ ಪದವನ್ನೇ ಬಿಡುವಂತಿಲ್ಲ. ನಾಲ್ಕು ಬದಿ ಅಳೆದ ಮಾತ್ರಕ್ಕೆ ಚತುರ್ಭುಜದ ಆಕಾರ ನಿಲ್ಲುವುದಿಲ್ಲ. ಒಂದು ಕರ್ಣವೋ ಕೋನವೋ ಬೇಕೇ ಬೇಕು. ಇಲ್ಲಿ ಅ-ಕ 65 ಅಡಿ. ಎರಡು ತ್ರಿಭುಜ ಮಾಡಿ ಕೂಡಿದರೂ ಅದೇ 3024. ಕರ್ಣ ಅಳೆಯದೆ ಎದುರುಬದುರು ಬದಿಗಳ ಸರಾಸರಿ ಗುಣಿಸುವ ರೂಢಿಯಿದೆಯಲ್ಲ, ಅದರಲ್ಲಿ 54 × 63 = 3402, ಎಂಟರಲ್ಲೊಂದು ಪಾಲು ಜಾಸ್ತಿ. ಕೊಳ್ಳುವವನಿಗೆ ಪೆಟ್ಟು. ಅಮೋಘವರ್ಷನ ಕಾಲದ ಗಣಿತಜ್ಞ ಮಹಾವೀರಾಚಾರ್ಯ ಈ ಸರಾಸರಿ ಲೆಕ್ಕವನ್ನು ‘ವ್ಯಾವಹಾರಿಕ’ (ಅಂದಾಜು) ಫಲವೆಂದು ಕರೆದು, ‘ಸೂಕ್ಷ್ಮ’ (ನಿಖರ) ಫಲಕ್ಕೆ ಬೇರೆ ಸೂತ್ರ ಕೊಟ್ಟಿದ್ದಾನೆ. ಈ ಜೋಡಿಪದ ಇಂದಿನ ಪುಸ್ತಕಗಳಿಗೂ ಬಂದರೆ ಒಳ್ಳೆಯದೇ.

 

ನನ್ನ ಮಟ್ಟಿಗೆ, ಪರೀಕ್ಷೆಯ ಕಾರಣಕ್ಕೆ ಪಠ್ಯದ ಪದಗಳೇ ಇರಲಿ, ಆದರೆ ‘ಕರ್ಣ ಅ-ಕ’ ಎಂದು ಅಕ್ಷರ ಸಮೇತ ಬರೆಯಬೇಕು. ಡ-ಅಗೆ ‘ಓರೆ ಬದಿ’ ಸಾಕು, ವಿಕರ್ಣ ಬೇಡ. ಘಟ್ಟದ ಮೇಲಿನ ತೋಟಿಗರು, ಕುಮಟಾ–ಅಂಕೋಲಾ ಕಡೆಯ ಬಡಗಿಗಳು ಈ ಓರೆ ಬದಿಗೂ ನೇರ ಎತ್ತರಕ್ಕೂ ಬೇರೆಬೇರೆ ಪದ ಬಳಸುತ್ತಾರೆಯೇ? ಗೊತ್ತಿದ್ದವರು ಊರಿನ ಹೆಸರು ಸಹಿತ ಬರೆಯಿರಿ.