ಅಪ್‌ಡೇಟ್: ರೆಸಾರ್ಟ್ ಸ್ಟಾಫ್ ನಿಲ್ತಿಲ್ಲ ಅಂತ ಕೇಳಿದ್ದೆನಲ್ಲ

ಮಡಿಕೇರಿ ಹತ್ರದ ಸಣ್ಣ ರೆಸಾರ್ಟಲ್ಲಿ ಎಚ್‌ಆರ್ ನಾನು, 3 ತಿಂಗಳಲ್ಲಿ 6 ಜನ ಬಿಟ್ಟೋದ್ರು, ಸಂಬಳ ಜಾಸ್ತಿ ಮಾಡ್ಬೇಕಾ ಅಂತ ಕೇಳಿದ್ದೆ. ಬಿಟ್ಟೋದವ್ರೆಲ್ಲ ಫಾರ್ಮಲ್ಲಿ 'ಪರ್ಸನಲ್ ರೀಸನ್' ಅಂತಷ್ಟೇ ಬರೆದಿದ್ರು, ಅದ್ರಿಂದ ಏನ್ ಗೊತ್ತಾಗತ್ತೆ ಮಣ್ಣು. ನೀವು ಹೇಳ್ದಂಗೆ ಇರೋರ ಜೊತೆನೇ ಒಬ್ಬೊಬ್ರಾಗಿ ಕೂತು ಕಾಫಿ ಕುಡೀತಾ ಮಾತಾಡಿದೆ.

ಸಂಬಳದ ಮಾತು ಬಂದಿದ್ದು ಇಬ್ರಿಂದ ಮಾತ್ರ. ಉಳಿದೋರದ್ದೆಲ್ಲ ಒಂದೇ ಗೋಳು, ಸೆಕೆಂಡ್ ಶಿಫ್ಟ್ ಮುಗ್ಯೋಷ್ಟರಲ್ಲಿ ನಾಪೋಕ್ಲು ಕಡೆ ಕೊನೆ ಬಸ್ ಹೋಗಿರತ್ತೆ, ಮಳೆಗಾಲದಲ್ಲಿ ಆ ಕತ್ತಲೆ ರೋಡಲ್ಲಿ ಜೀಪ್ ಕಾಯ್ಕೊಂಡು ನಿಲ್ಬೇಕು, ಅದ್ರ ಮೇಲೆ ಡ್ಯೂಟಿ ಪಟ್ಟಿ, ಅಂದ್ರೆ ರೋಸ್ಟರ್, ಹಿಂದಿನ ದಿನ ರಾತ್ರಿ ವಾಟ್ಸಾಪಲ್ಲಿ ಬರತ್ತೆ (ಕಳಿಸ್ತಿದ್ದಿದ್ದು ನಾನೇ, ನಾಚಿಕೆ ಆಯ್ತು). ಈಗ ಶಿಫ್ಟ್ ಮುಕ್ಕಾಲು ಗಂಟೆ ಮುಂಚೆ ಬಿಡ್ತೀವಿ, ರೋಸ್ಟರ್ 15 ದಿನ ಮೊದ್ಲೇ ಗೋಡೆಗೆ ಅಂಟಿಸ್ತೀವಿ. ಹುತ್ತರಿ ಸುಗ್ಗಿ ಹಬ್ಬಕ್ಕೆ ಕೊಡವ ಹುಡುಗ್ರಿಗೆ ರಜೆ, ಅವ್ರ ಡ್ಯೂಟಿ ಬೇರೆಯವ್ರು ಮಾಡಿ ಕ್ರಿಸ್‌ಮಸ್ಸಿಗೋ ರಂಜಾನಿಗೋ ವಾಪಸ್ ತಗೋತಾರೆ. ಓನರ್ ಮೊದ್ಲು ಗೊಣಗಿದ್ರು, ಆಮೇಲೆ ಸುಮ್ನಾದ್ರು.

ಇನ್ನೊಂದು, ಯಾರೋ ಲೈಂಗಿಕ ಕಿರುಕುಳ ದೂರಿನ ಸಮಿತಿ ಇದ್ಯಾ ಅಂತ ಕೇಳಿದ್ರಿ. ಇರ್ಲಿಲ್ಲ! 2013ರ ಕಾಯ್ದೆ ಪ್ರಕಾರ 10 ಅಥವಾ ಜಾಸ್ತಿ ಜನ ಕೆಲಸಗಾರರಿದ್ರೆ ಮಾಡ್ಲೇಬೇಕು, ನಮ್ಮಲ್ಲಿ 23 ಜನ. ಹೌಸ್‌ಕೀಪಿಂಗ್ ಸೂಪರ್‌ವೈಸರ್ ಅಕ್ಕನೇ ಅಧ್ಯಕ್ಷೆ, ಹೊರಗಿನ ಸದಸ್ಯರನ್ನ ಇನ್ನೂ ಹುಡುಕ್ತಿದೀವಿ.

ಆಮೇಲೆ ಬಿಟ್ಟಿದ್ದು ಒಬ್ನೇ, ಅವ್ನು ಮದ್ವೆಯಾಗಿ ಮೈಸೂರಿಗೆ ಹೋದ.