ಹಿನ್ನೀರಿಗೆ ಕ್ಯಾಬಿನ್ ದೋಣಿ: ನೀಲಿಯೋ, ಬಿಳಿಯೋ?

ಮುಳುಗಡೆ ಮಾಸ್ತರ (ನವನಗರ, ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ಹೋದ ಮೇ ತಿಂಗಳಲ್ಲಿ ನಿವೃತ್ತನಾದೆ. ಕೈಗೆ ಒಂದಿಷ್ಟು ದುಡ್ಡು ಬಂತು. ಮಗಳು ಕಾರು ತೆಗೆದುಕೊಳ್ಳಿ ಎಂದಳು, ಅಳಿಯ ನಿವೇಶನ ಎಂದರು. ನಾನು ದೋಣಿ ಎಂದೆ. ಎರಡು ದಿನ ಮನೆಯಲ್ಲಿ ಯಾರೂ ನನ್ನೊಡನೆ ನೆಟ್ಟಗೆ ಮಾತನಾಡಲಿಲ್ಲ.

ನಮ್ಮ ಊರು ಆಲಮಟ್ಟಿ ಹಿನ್ನೀರಿನಲ್ಲಿ, ಘಟಪ್ರಭೆಯ ಪಾತ್ರದ ಕಡೆಗೆ ಮುಳುಗಿದೆ. ಇಪ್ಪತ್ತು ವರ್ಷಕ್ಕೂ ಮೇಲಾಯಿತು, ದಂಡೆಯ ಮೇಲೆ ನಿಂತು ನೋಡಿ ಬರುವುದೇ ಆಯಿತು. ಹರಗೋಲಿನಲ್ಲಿ ಹೋಗಿದ್ದೇನೆ, ಎರಡು ತಾಸು ಕುಳಿತರೆ ಮೊಣಕಾಲು ಮಡಿಸಿದ್ದು ಬಿಚ್ಚುವುದಿಲ್ಲ. ಇಬ್ಬರು ಮಲಗಲು ಜಾಗ, ಚಹಾ ಕಾಯಿಸಲು ಒಂದು ಮೂಲೆ, ಮಳೆ ಬಂದರೆ ಮುಚ್ಚಿಕೊಳ್ಳಲು ಒಂದು ಬಾಗಿಲು, ಇಷ್ಟಿದ್ದರೆ ಸಾಕು. ಎರಡು ದಿನ ನೀರಿನ ಮೇಲೆಯೇ ಇದ್ದು ಬರಬೇಕೆಂಬ ಆಸೆ.

ಗೋವಾದಲ್ಲಿ ಎರಡು ಹಳೆಯ ದೋಣಿಗಳು ಮಾರಾಟಕ್ಕಿವೆ. ಎರಡೂ 18 ಅಡಿ ಉದ್ದದವು, ಎರಡೂ ಫೈಬರ್, ಎರಡಕ್ಕೂ ಹಾಯಿ, ಹಿಂದೆ ಸಣ್ಣ ಔಟ್‌ಬೋರ್ಡ್ ಎಂಜಿನ್. ದೂರದಿಂದ ನೋಡಿದರೆ ಅವಳಿ ಜವಳಿ. ಒಂದಕ್ಕೆ ನೀಲಿ ಬಣ್ಣ, ಇನ್ನೊಂದಕ್ಕೆ ಬಿಳಿ. ವ್ಯತ್ಯಾಸ ಕಾಣುವುದು ಬಗ್ಗಿ ಹೊಟ್ಟೆಯ ಕೆಳಗೆ ನೋಡಿದಾಗ. ನೀಲಿಗೆ ಸ್ಥಿರವಾದ ಕೀಲ್ ಇದೆ, ತಳದಿಂದ ಇಳಿದ ಗಟ್ಟಿ ದಿಂಡು. ನಿಲ್ಲಲು ಎರಡು ಅಡಿಗಿಂತ ಸ್ವಲ್ಪ ಹೆಚ್ಚು ನೀರು ಬೇಕು, ತೂಕ 850 ಕಿಲೊ. ಬಿಳಿಗೆ ಮೇಲೆತ್ತುವ ಉಕ್ಕಿನ ಹಲಗೆ. ಎತ್ತಿದರೆ ಮುಕ್ಕಾಲು ಅಡಿ ನೀರಿನಲ್ಲಿಯೂ ತೇಲುತ್ತದೆ, ಇಳಿಸಿದರೆ ಮೂರೂವರೆ ಅಡಿ ಬೇಕು, ತೂಕ 600 ಕಿಲೊ. ನೀಲಿಗೆ 4 ಲಕ್ಷ 25 ಸಾವಿರ ಕೇಳುತ್ತಿದ್ದಾರೆ, ಬಿಳಿಗೆ 3 ಲಕ್ಷ 60 ಸಾವಿರ.

ನೀಲಿಯ ಮಾಲೀಕರು "ಇದು ಸಮುದ್ರದ ದೋಣಿ, ಬಿರುಗಾಳಿಗೂ ಬಗ್ಗುವುದಿಲ್ಲ" ಎನ್ನುತ್ತಾರೆ. ಬಿಳಿಯವರು "ಇದನ್ನು ಎಲ್ಲಿ ಬೇಕಾದರೂ ಇಳಿಸಬಹುದು" ಎನ್ನುತ್ತಾರೆ. ಇಬ್ಬರದೂ ಸುಳ್ಳಲ್ಲ ಎಂದು ತೋರುತ್ತದೆ, ತೊಡಕಿರುವುದೇ ಅಲ್ಲಿ. ಮನಸ್ಸು ನೀಲಿಯ ಕಡೆಗೆ ವಾಲಿದೆ. ಬಲ್ಲವರು ಹೇಳಿ.

ಕೊಲ್ಹಾರದ ಬಲೆಗಾರ

ಗುರುಗಳೇ, ನಮಸ್ಕಾರ. ದೋಣಿಯ ವಿಚಾರ ಆಮೇಲೆ. ಮೊದಲು ನೀರಿನ ವಿಚಾರ ಕೇಳಿ.

ಹಿನ್ನೀರು ಎಂದರೆ ಸಮುದ್ರವಲ್ಲ, ಕೆರೆಯೂ ಅಲ್ಲ. ಅದು ಮುಳುಗಿದ ಊರು. ಜಾಲಿಯ ಬೊಡ್ಡೆಗಳು, ಹಾಳು ಗೋಡೆಗಳು, ಬಾವಿಯ ಕಟ್ಟೆಗಳು, ಹೊಲದ ಬದುವಿನ ಕಲ್ಲುಗಳು ಎಲ್ಲ ಅಲ್ಲಿಯೇ ಇವೆ. ಸೆಪ್ಟೆಂಬರಿನಲ್ಲಿ ತಲೆಯ ಮೇಲೆ ಆಳದ ನೀರಿರುವ ಬೊಡ್ಡೆ ಫೆಬ್ರುವರಿಯಲ್ಲಿ ಒಂದು ಗೇಣು ಕೆಳಗೆ ಕುಳಿತಿರುತ್ತದೆ. ಹೋದ ಸಲ ಹೋದ ದಾರಿ ಈ ಸಲ ದಾರಿಯಲ್ಲ. ನಮ್ಮ ತಂದೆಯವರು ಇಂದಿಗೂ ಬಿದಿರಿನ ಗಳ ಹಿಡಿದು ಮುಂದೆ ಚುಚ್ಚುತ್ತಾ ಹೋಗುತ್ತಾರೆ. ನಾನು ಎಂಜಿನ್ ಹಾಕಿಕೊಂಡ ಮೊದಲ ವರ್ಷ ಫಂಕದ ಶಿಯರ್ ಪಿನ್ನನ್ನು, ಅಂದರೆ ಪೆಟ್ಟು ಬಿದ್ದಾಗ ಎಂಜಿನ್ ಉಳಿಸಲು ತಾನು ಮುರಿಯುವ ಸಣ್ಣ ಮೊಳೆಯನ್ನು, ಆರು ಸಲ ಮುರಿದುಕೊಂಡೆ. ಈಗ ಜೇಬಿನಲ್ಲಿ ಎಲೆ ಅಡಿಕೆ ಇರದಿದ್ದರೂ ಪಿನ್ನು ಇರುತ್ತದೆ.

ನೀಲಿ ದೋಣಿಯ ದಿಂಡು ಬೊಡ್ಡೆಗೆ ಬಡಿದರೆ ದೋಣಿ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ನೀವು ಎಂಟುನೂರು ಕಿಲೊವನ್ನು ಹುಟ್ಟಿನಿಂದ ಒತ್ತುತ್ತಾ ಕೂರಬೇಕು. ಹಲಗೆಯಾದರೆ ಎತ್ತಿಕೊಂಡು ಹಿಂದೆ ಬರಬಹುದು. ಇನ್ನು ನಮ್ಮ ಬಲೆಗಳು. ಸಂಜೆ ಬಿಟ್ಟ ಬಲೆ ಬೆಳಗಿನ ತನಕ ನೀರಿನಲ್ಲಿ ಇರುತ್ತದೆ, ಮೇಲೆ ಕಾಣುವುದು ಖಾಲಿ ಬಾಟಲಿಗಳು ಮಾತ್ರ. ಕತ್ತಲಾದ ಮೇಲೆ ದಯವಿಟ್ಟು ಓಡಾಡಬೇಡಿ. ದೋಣಿ ಯಾವುದಾದರೂ ತೆಗೆದುಕೊಳ್ಳಿ, ಬಲೆ ಹರಿದರೆ ನಮ್ಮ ತಿಂಗಳ ದುಡಿಮೆ ಹೋಗುತ್ತದೆ.

ಈ ಕಡೆಗೆ ಬಂದರೆ ಮನೆಗೆ ಬನ್ನಿ. ಗಡಿಗೆ ಮೊಸರು ನಮ್ಮೂರಿನದು, ಹೊಗಳುವ ಅಗತ್ಯವಿಲ್ಲ.

ಆಸ್ಟಿನ್‌ನಿಂದ ಮರಳಿದವ (ವಿಜಯಪುರ)

ಮಾಸ್ತರರೇ, ನಾನು ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಒಂಬತ್ತು ವರ್ಷ ಇದ್ದೆ. ಅಲ್ಲಿ ಲೇಕ್ ಟ್ರಾವಿಸ್ ಎಂಬ ಜಲಾಶಯ. ಕೊಲರಾಡೊ ನದಿಗೆ ಅಣೆಕಟ್ಟು ಕಟ್ಟಿ ಆದದ್ದು, ನಮ್ಮ ಹಿನ್ನೀರಿನ ಹಾಗೆಯೇ ಏರಿಳಿಯುತ್ತದೆ. 2011ರ ಬರದ ನಂತರ ನೀರು ಎಷ್ಟು ಕೆಳಗಿಳಿಯಿತೆಂದರೆ ದೋಣಿ ಇಳಿಸುವ ಕಾಂಕ್ರೀಟ್ ಇಳಿಜಾರುಗಳ ತುದಿಯೇ ಒಣ ನೆಲದಲ್ಲಿ ಉಳಿದುಬಿಟ್ಟಿತು. ಆಗ ನನ್ನ ಬಳಿ ಪಾಟರ್ 19 ಎಂಬ ಹಾಯಿದೋಣಿ ಇತ್ತು.

ನಿಮ್ಮ ಗೊಂದಲ ಅಲ್ಲಿಯವರಿಗೂ ಹಳೆಯದು. ಅಲ್ಲಿ ಅದು ವೆಸ್ಟ್ ವೈಟ್ ಪಾಟರ್ 19 ಮತ್ತು ಕಾಂ-ಪ್ಯಾಕ್ 19 ನಡುವಿನ ಜಗಳ. ವೆಸ್ಟ್ ವೈಟ್ ಎಂಬ ಹೆಸರು ಬಂದದ್ದು ಇಂಗ್ಲೆಂಡಿನ ಐಲ್ ಆಫ್ ವೈಟ್ ದ್ವೀಪದಿಂದ, 19 ಅಡಿಯದು ರೂಪುಗೊಂಡದ್ದು ಕ್ಯಾಲಿಫೋರ್ನಿಯಾದಲ್ಲಿ. ಎತ್ತುವ ಉಕ್ಕಿನ ಹಲಗೆ, ದೋಣಿಯ ತೂಕ ಸುಮಾರು 555 ಕಿಲೊ, ಅದರಲ್ಲಿ ಭಾರಕ್ಕೆಂದೇ ಇರುವುದು ಸುಮಾರು 168 ಕಿಲೊ. ಹಲಗೆ ಎತ್ತಿದರೆ ಅರ್ಧ ಅಡಿ ನೀರು ಸಾಕು. ಕಾಂ-ಪ್ಯಾಕ್ ಫ್ಲೋರಿಡಾದ್ದು. ಸ್ಥಿರ ಕೀಲ್, ಎರಡು ಅಡಿ ನೀರು, ತೂಕ ಸುಮಾರು 907 ಕಿಲೊ, ಅದರಲ್ಲಿ ಭಾರ 363 ಕಿಲೊ. ಅಂದರೆ ಒಂದರಲ್ಲಿ ನೂರಕ್ಕೆ ಮೂವತ್ತು, ಇನ್ನೊಂದರಲ್ಲಿ ನೂರಕ್ಕೆ ನಲವತ್ತು ಪಾಲು ತೂಕ ಕೆಳಗಿದೆ. ಗಾಳಿ ಬಡಿದಾಗ ಎರಡನೆಯದು ತಡವಾಗಿ ವಾಲುತ್ತದೆ, ಬೇಗ ಎದ್ದು ನಿಲ್ಲುತ್ತದೆ. ನಿಮ್ಮ ನೀಲಿಯ ಮಾಲೀಕರು ಹೇಳಿದ್ದು ಅಷ್ಟರ ಮಟ್ಟಿಗೆ ನಿಜ.

ಆದರೆ ಆ ಗುಣ ನಿಮಗೆ ಯಾವಾಗ ಬೇಕು? ನಮ್ಮಲ್ಲಿ ಜೋರಾದ ಪಡುವಣ ಗಾಳಿ ಜೂನ್‌ನಿಂದ ಆಗಸ್ಟ್‌ವರೆಗೆ. ಆಗ ನದಿಗೆ ಮಹಾಪೂರ ಬರುವ ಕಾಲ, ನೀವು ನೀರಿಗೆ ಇಳಿಯಲೇಬಾರದು. ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ ನೀರು ಚೆನ್ನಾಗಿರುತ್ತದೆ, ಗಾಳಿ ಮೆತ್ತಗಿರುತ್ತದೆ. ಹಗುರವಾದ ಬಿಳಿ ದೋಣಿ ಓಡುವುದೇ ಅಂಥ ಗಾಳಿಯಲ್ಲಿ; ನೀಲಿ ತೂಕಡಿಸುತ್ತದೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಗುಡುಗು ಮಳೆಯ ಗಾಳಿ ಒಂದೇ ಅಪವಾದ. ಮೋಡ ಕಪ್ಪಾಯಿತೆಂದರೆ ಹಾಯಿ ಇಳಿಸಿ ಲಂಗರು ಬಿಡಿ.

ಬಿಳಿಯ ದೋಷವನ್ನೂ ಹೇಳಿಬಿಡುತ್ತೇನೆ. ಎತ್ತುವ ಹಲಗೆಯ ಪೆಟ್ಟಿಗೆ ಕ್ಯಾಬಿನ್ನಿನ ಮಧ್ಯದಲ್ಲಿ ನಿಂತಿರುತ್ತದೆ. ಅದರ ಸೀಳಿನೊಳಗೆ ಕೆಸರು, ಹರಳು ಹೊಕ್ಕರೆ ಹಲಗೆ ಇಳಿಯುವುದೂ ಇಲ್ಲ, ಏರುವುದೂ ಇಲ್ಲ. ಟ್ರಾವಿಸ್ ಸುಣ್ಣಕಲ್ಲಿನ ಸೀಮೆ, ನನಗೆ ಹರಳಿನ ಕಾಟ. ನಿಮ್ಮದು ಎರೆ ಮಣ್ಣು. ದಂಡೆಗೆ ತಾಗಿಸಿ ರಾತ್ರಿ ಬಿಟ್ಟಿರೋ, ಬೆಳಗ್ಗೆ ಆ ಸೀಳು ಗಿಲಾವು ಮಾಡಿದಂತಿರುತ್ತದೆ. ಇನ್ನೊಂದು ಮಾತು: ಹಾಯಿ ಏರಿಸುವಾಗ ಹಲಗೆಯನ್ನು ಪೂರ್ತಿ ಇಳಿಸಿ ಬೋಲ್ಟ್ ಬಿಗಿಯಬೇಕು. ದೋಣಿ ಮಗುಚಿದಾಗ ಹಲಗೆ ಒಳಕ್ಕೆ ಜಾರಿದರೆ ಅದನ್ನು ಎತ್ತಿ ನಿಲ್ಲಿಸುವ ಭಾರವೇ ಇಲ್ಲದಂತಾಗುತ್ತದೆ.

ಗೇಟಿನ ಮನುಷ್ಯ (ಆಲಮಟ್ಟಿ)

ನೀಲಿ, ಬಿಳಿ ನನಗೆ ಗೊತ್ತಿಲ್ಲ. ನೀರಾವರಿ ಕೆಲಸದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವನು ನಾನು, ಮೂರು ಮಾತು ಹೇಳುತ್ತೇನೆ.

ಎಂಜಿನ್ ಇರುವ ದೋಣಿ 2021ರ ಒಳನಾಡು ಹಡಗುಗಳ ಕಾಯ್ದೆಯಡಿ ಬರುತ್ತದೆ, ನೋಂದಣಿ ಬೇಕು. ರಾಜ್ಯದ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯ ಕೇಂದ್ರ ಇರುವುದು ಕಾರವಾರದಲ್ಲಿ. ಗೋವಾದ ಕಾಗದಪತ್ರ ಸರಿಯಾಗಿರದಿದ್ದರೆ ಅರ್ಧ ಬೆಲೆಗೆ ಕೊಟ್ಟರೂ ಬೇಡ. ಜಲಾಶಯದಲ್ಲಿ ದೋಣಿ ಇಡಲು ಕೃಷ್ಣಾ ಭಾಗ್ಯ ಜಲ ನಿಗಮದವರನ್ನು ಲಿಖಿತವಾಗಿ ಕೇಳಿ. ಅಣೆಕಟ್ಟೆಯ ಹತ್ತಿರಕ್ಕೆ ಸುಳಿಯಬೇಡಿ.

ಎರಡನೆಯದು, ಹೊರಹರಿವಿನ ಸುದ್ದಿ ನೋಡದೆ ನೀರಿಗೆ ಇಳಿಯಬೇಡಿ. 2019ರ ಆಗಸ್ಟ್‌ನಲ್ಲಿ ಇಲ್ಲಿಂದ ಐದು ಲಕ್ಷ ಕ್ಯುಸೆಕ್‌ಗೂ ಹೆಚ್ಚು ನೀರು ಬಿಟ್ಟದ್ದು ನೆನಪಿರಬಹುದು. ಅಂಥ ಸೆಳೆತಕ್ಕೆ ನಿಮ್ಮ ಎಂಜಿನ್ ಲೆಕ್ಕಕ್ಕೇ ಇಲ್ಲ.

ಮೂರನೆಯದನ್ನು ಯಾರೂ ಹೇಳಿಲ್ಲ. ನಿಮ್ಮ ಹಾಯಿಗಂಬ ಎಷ್ಟು ಎತ್ತರ? ಹಿನ್ನೀರಿನ ಮೇಲೆ ವಿದ್ಯುತ್ ತಂತಿಗಳು ಹಾದುಹೋಗಿವೆ, ಸೇತುವೆಗಳಿವೆ. ಜಲಾಶಯ ತುಂಬಿ ಸಮುದ್ರ ಮಟ್ಟದಿಂದ 519.60 ಮೀಟರ್‌ಗೆ ನಿಂತಾಗ ತಂತಿಗೂ ನೀರಿಗೂ ನಡುವೆ ಇರುವ ಅಂತರ ಬೇಸಿಗೆಯ ಅಂತರವಲ್ಲ. ಅಲ್ಯೂಮಿನಿಯಂ ಕಂಬ ತಂತಿಗೆ ತಾಗಬೇಕೆಂದೂ ಇಲ್ಲ, ಹತ್ತಿರ ಹೋದರೂ ಸಾಕು. ವಿಜ್ಞಾನದ ಮಾಸ್ತರರಿಗೆ ಬಿಡಿಸಿ ಹೇಳಬೇಕಿಲ್ಲ.

ಮುಳುಗಡೆ ಮಾಸ್ತರ

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ. ಗೋವಾಕ್ಕೆ ಹೋಗಿ ಬಂದೆವು. ಮನೆಯವರೂ ಬಂದಿದ್ದರು, "ನೋಡಿಕೊಂಡು ಬೇಡ ಎನ್ನಲಿಕ್ಕೆ ಬರುತ್ತೇನೆ" ಎಂದು ಮೊದಲೇ ಹೇಳಿದ್ದರು.

ತಂತಿಯ ವಿಷಯ ತಲೆಗೆ ಹೊಳೆದೇ ಇರಲಿಲ್ಲ. ಎರಡೂ ದೋಣಿಗಳ ಕಂಬ ಅಳೆದೆ, ನೀರಿನ ಮಟ್ಟದಿಂದ 25 ಅಡಿ. ಬಿಳಿಯದು ಬುಡದಲ್ಲಿ ಮಡಚುತ್ತದೆ, ಇಬ್ಬರೇ ಮಲಗಿಸಬಹುದು. ನೀಲಿಯದಕ್ಕೆ ನಾಲ್ವರು ಬೇಕಾದರು.

ಮೊದಲು ನೀಲಿ ನೋಡಿದೆವು. ಒಳಗೆ ತೇಗದ ಪಟ್ಟಿ, ಹಿತ್ತಾಳೆಯ ದೀಪ, ಬಂಕಿನ ಮೇಲೆ ದಪ್ಪ ಹಾಸಿಗೆ. ನಾನು 5 ಅಡಿ 10 ಅಂಗುಲದ ಆಸಾಮಿ, ಕಾಲು ಚಾಚಿ ಮಲಗಿದೆ. ಏಳಲು ಮನಸ್ಸಾಗಲಿಲ್ಲ. ಆಮೇಲೆ ಜೇಬಿನಿಂದ ಐದು ರೂಪಾಯಿ ನಾಣ್ಯ ತೆಗೆದು ಮೇಲಟ್ಟವನ್ನು ಗೇಣು ಗೇಣಿಗೆ ಬಡಿಯುತ್ತಾ ಬಂದೆ, ಸಂತೆಯಲ್ಲಿ ಗಡಿಗೆ ಬಾರಿಸಿ ನೋಡಿದಂತೆ. ಟಕ್, ಟಕ್, ಟಕ್ ಎನ್ನುತ್ತಿದ್ದದ್ದು ಹಾಯಿಗಂಬದ ಬುಡದ ಹತ್ತಿರ ದಪ್ ಎಂದಿತು. ಇನ್ನೊಂದು ಸಲ ಬಡಿದೆ. ದಪ್. ಎರಡು ಪದರ ಫೈಬರಿನ ನಡುವಿನ ಪ್ಲೈವುಡ್ಡಿಗೆ ನೀರು ಇಳಿದು ಕೊಳೆತಿದೆ. ಹಿಮ್ಮಡಿ ಒತ್ತಿದರೆ ಅಂಗೈ ಅಗಲದ ಜಾಗ ಕೆಳಕ್ಕೆ ಬಾಗಿ ಮೇಲೆ ಬರುತ್ತಿತ್ತು. ಮಾಲೀಕರು "ಅದು ಮೊದಲಿನಿಂದಲೂ ಹಾಗೆಯೇ" ಎಂದರು. ನಮ್ಮ ಶಾಲೆಯ ಮಾಡು ಸೋರಿದಾಗ ಗುತ್ತಿಗೆದಾರರೂ ಹಾಗೆಯೇ ಹೇಳಿದ್ದರು.

ಬಿಳಿಯ ಮೇಲಟ್ಟ ಎಲ್ಲೆಡೆ ಟಕ್ ಎಂದಿತು. ಉಕ್ಕಿನ ಹಲಗೆ ಮಾತ್ರ ತುಕ್ಕು ಹಿಡಿದು ಹಪ್ಪಳದಂತೆ ಪದರ ಬಿಡುತ್ತಿದೆ. ತೆಗೆದು ಉಜ್ಜಿಸಿ ಮತ್ತೆ ಸತು ಲೇಪನ ಮಾಡಿಸಬೇಕು, ಬೆಳಗಾವಿಯಲ್ಲಿ ಆಗುವ ಕೆಲಸ. ಬಾಗಿದೆಯೋ ಎಂದು ದಾರ ಹಿಡಿದು ನೋಡಿದೆ, ನೆಟ್ಟಗಿದೆ. ಎಂಜಿನ್ ಎರಡು ಎಳೆತಕ್ಕೆ ಹೊತ್ತಿಕೊಂಡಿತು, ತಂಪಿಸುವ ನೀರಿನ ಧಾರೆ ಸರಿಯಾಗಿ ಬಂತು. ಕ್ಯಾಬಿನ್ನಿನ ಮಧ್ಯದ ಆ ಪೆಟ್ಟಿಗೆಯ ಎದುರು ನಾನು ಮುಖ ಹುಳ್ಳಗೆ ಮಾಡಿಕೊಂಡು ಕುಳಿತಿದ್ದೆ. ಮನೆಯವರು ಅದರ ಮೇಲೆ ಕೈಯಾಡಿಸಿ, "ಇಲ್ಲಿ ಒಂದು ಹಲಗೆ ಹಾಕಿಸಿದರೆ ರೊಟ್ಟಿ ಬುಟ್ಟಿ, ಚಟ್ನಿ ಡಬ್ಬಿ ಎರಡೂ ಕೂರುತ್ತವೆ" ಎಂದರು. ಬೇಡ ಎನ್ನಲು ಬಂದವರ ಬಾಯಿಂದ ಈ ಮಾತು! ನಾನು ಉಸಿರು ಬಿಗಿಹಿಡಿದು ಸುಮ್ಮನಿದ್ದೆ.

ಕಾಗದಪತ್ರ ಸರಿಯಿವೆ. ಚೌಕಾಸಿ ಮಾಡಿ 3 ಲಕ್ಷ 20 ಸಾವಿರಕ್ಕೆ ಬಿಳಿಯನ್ನು ಒಪ್ಪಿಸಿ ಮುಂಗಡ ಕೊಟ್ಟು ಬಂದೆ. ಲಾರಿಯ ಮೇಲೆ ಚೋರ್ಲಾ ಘಾಟ್ ಹತ್ತಿಸಿ ಬೆಳಗಾವಿ, ಯರಗಟ್ಟಿ, ಲೋಕಾಪುರದ ಮೇಲೆ ತರುವ ಯೋಚನೆ. ಅಲ್ಲಿಯವರೆಗೆ ತೊಂದರೆಯಿಲ್ಲ. ತೊಂದರೆ ಕೊನೆಯ ಐವತ್ತು ಮಾರಿನದು. ನಮ್ಮ ದಂಡೆಯ ಎರೆ ಮಣ್ಣು ಮೇಲೆ ಒಣಗಿ ಬಿರುಕು ಬಿಟ್ಟಿರುತ್ತದೆ, ಕಾಲಿಟ್ಟರೆ ಮೊಣಕಾಲುದ್ದ ಕೆಸರು. ಟ್ರ್ಯಾಕ್ಟರ್ ಇಳಿಸಿದರೆ ಅದನ್ನು ಎಳೆಯಲು ಇನ್ನೊಂದು ಟ್ರ್ಯಾಕ್ಟರ್, ಅದನ್ನು ಎಳೆಯಲು ಮತ್ತೊಂದು. ದೋಣಿ ಇಳಿಸುವುದು ಎಲ್ಲಿ?

ಆಸ್ಟಿನ್‌ನಿಂದ ಮರಳಿದವ

ಅಭಿನಂದನೆಗಳು. ಟ್ರ್ಯಾಕ್ಟರಿಗೂ ದೋಣಿಯ ಗಾಡಿಗೂ ನಡುವೆ ಹದಿನೈದು ಅಡಿ ಉದ್ದದ ಕಬ್ಬಿಣದ ಚಾನೆಲ್ ಹಾಕಿಸಿ. ವೆಲ್ಡಿಂಗ್ ಅಂಗಡಿಯವರು ಒಂದು ದಿನದಲ್ಲಿ ಮಾಡಿಕೊಡುತ್ತಾರೆ. ಗಾಡಿ ನೀರಿನಲ್ಲಿರುತ್ತದೆ, ಟ್ರ್ಯಾಕ್ಟರ್ ಗಟ್ಟಿ ನೆಲದ ಮೇಲಿರುತ್ತದೆ. 850 ಕಿಲೊ ಇದ್ದಿದ್ದರೆ ಈ ಸಲಹೆ ಕೊಡುತ್ತಿರಲಿಲ್ಲ. ಬೇಸಿಗೆಯಲ್ಲಿ ಮೇಲೆ ಬಿಳಿ ತಾಡಪಾಲು ಕಟ್ಟಿ, ಇಲ್ಲವಾದರೆ ಕ್ಯಾಬಿನ್ ತಂದೂರಿ ಭಟ್ಟಿಯಾಗುತ್ತದೆ. ಮತ್ತು ಒಲೆ ಹೊತ್ತಿಸಿದಾಗ ಬಾಗಿಲು ತೆರೆದಿರಲಿ, ಚಳಿಯಿದ್ದರೂ.

ಕೊಲ್ಹಾರದ ಬಲೆಗಾರ

ಗುರುಗಳೇ, ಗಟ್ಟಿ ನೆಲವನ್ನು ಹುಡುಕಿಕೊಂಡು ಎಲ್ಲಿಗೆ ಹೋಗುತ್ತೀರಿ? ನಿಮ್ಮ ಊರಿಗೆ ಹೋಗುತ್ತಿದ್ದ ಹಳೆಯ ಡಾಂಬರು ರಸ್ತೆ ಇದೆಯಲ್ಲ, ಅದು ನೆಟ್ಟಗೆ ನೀರಿನೊಳಕ್ಕೇ ಇಳಿಯುತ್ತದೆ. ಡಾಂಬರು ಎದ್ದುಹೋಗಿದ್ದರೂ ಕೆಳಗಿನ ಕಲ್ಲು ಹಾಸು ಗಟ್ಟಿಯಿದೆ. ನೀರು ಎಷ್ಟು ಇಳಿದರೂ ರಸ್ತೆ ಅದರ ಹಿಂದೆಯೇ ಇಳಿಯುತ್ತದೆ, ಯಾವ ತಿಂಗಳಲ್ಲಾದರೂ ನಡೆಯುತ್ತದೆ. ನಾವು ಮೀನಿನ ಗಾಡಿ ನಿಲ್ಲಿಸುವುದು ಅಂಥ ರಸ್ತೆಗಳ ಮೇಲೆಯೇ.

ಒಂದೇ ಎಚ್ಚರಿಕೆ, ಅದರ ಎರಡೂ ಬದಿಗೆ ಇದ್ದ ಬೇವಿನ ಮರಗಳ ಬೊಡ್ಡೆಗಳು ಹಾಗೆಯೇ ಇವೆ. ರಸ್ತೆಯ ನಡುವೆಯೇ ಹೋಗಿ. ದೋಣಿ ಬಂದ ದಿನ ಫೋನು ಮಾಡಿ, ಗಳ ಹಿಡಿದು ಬರುತ್ತೇನೆ.

ಮುಳುಗಡೆ ಮಾಸ್ತರ

ಎಡಕ್ಕೆ ಏಳು ಮರ, ಬಲಕ್ಕೆ ಐದು. ಬಲಕ್ಕೆ ಮೂರನೆಯದರ ಕೆಳಗೆ ಬಸ್ ನಿಲ್ಲುತ್ತಿತ್ತು. ಗಳ ತನ್ನಿ, ರೊಟ್ಟಿ ನಾವು ತರುತ್ತೇವೆ.